ನಮ್ಮ ಮನೆಯಲ್ಲಿ ಹದಿನಾರು

ಝಳಕಿಯ ಹೈವೇ ಬದಿ ಚಹಾದಂಗಡಿ ಇಟ್ಟಿರುವ ಸೋಮನಿಂಗ ಅಂದರೆ ನಾನೇ. ಓದಿದ್ದು ಒಂಬತ್ತನೆಯ ಇಯತ್ತೆ. ಅದರಲ್ಲೂ ಬೀಜಗಣಿತ ಶುರುವಾದ ದಿನ ಹೊರಬಿದ್ದವನು ಮತ್ತೆ ಒಳಗೆ ಕಾಲಿಡಲಿಲ್ಲ. ಇಂಥವನನ್ನು ಹುಡುಕಿ ಊರವರು ಹೈಸ್ಕೂಲಿನ ಎಸ್‌ಡಿಎಂಸಿಗೆ, ಅಂದರೆ ಶಾಲಾಭಿವೃದ್ಧಿ ಸಮಿತಿಗೆ, ಅಧ್ಯಕ್ಷನನ್ನಾಗಿ ಮಾಡಿದ್ದಾರೆ. ಪ್ರತಿ ವರ್ಷ ಶಾಲು ಹೊದ್ದು, "ಮಕ್ಕಳನ್ನ ಸಾಲಿ ಬಿಡಿಸಬ್ಯಾಡ್ರಿ" ಎಂದು ಮೈಕಿನಲ್ಲಿ ಒದರುತ್ತೇನೆ. ಚಪ್ಪಾಳೆ ಬೀಳುತ್ತದೆ.

ಮನೆಯಲ್ಲಿ ಮಾತ್ರ ಬೇರೆ ರಾಗ. ಮಗಳು ರೇಣುಕಾ ಹತ್ತನೆಯಲ್ಲಿದ್ದಳು. ಅವಳಿಗೆ ಇಂಡಿ ಪಟ್ಟಣದ ಕಾಲೇಜಿಗೆ ಹೋಗಿ ಸೈನ್ಸ್ ಓದುವ ಆಸೆ. ಪರೀಕ್ಷೆ ಮುಗಿದ ಮರುದಿನವೇ ಅವಳನ್ನು ಅಂಗಡಿಯ ಗಲ್ಲಾದ ಮೇಲೆ ಕೂರಿಸುವುದೆಂದು ನಾನು ಠರಾಯಿಸಿಬಿಟ್ಟಿದ್ದೆ.

"ಸರ್ಕಾರದ ಕಡ್ಡಾಯ ಸಾಲಿ ಹದಿನಾಲ್ಕಕ್ಕ ಮುಗೀತೈತಿ. ನಾ ಎರಡು ವರ್ಷ ಜಾಸ್ತಿನ ಕೊಟ್ಟೇನಿ," ಎಂದೆ.

ಹೆಂಡತಿ ರೇವವ್ವ ಹಿಟ್ಟು ನಾದುತ್ತಲೇ, "ಅದಕ್ಕೂ ಒಂದು ಶಾಲು ಹೊದಿಸಬೇಕೇನ್ರಿ?" ಎಂದಳು.

ಮರುವಾರ ಶಾಲೆಯಲ್ಲಿ ಭಾಷಣ ಸ್ಪರ್ಧೆ. ಯಾವ ದೇಶದಲ್ಲಿ ಮಕ್ಕಳು ಎಷ್ಟು ವಯಸ್ಸಿನವರೆಗೆ ಓದಲೇಬೇಕು ಎಂಬುದು ವಿಷಯ. ಬಹುಮಾನ ಕೊಡುವವನು ನಾನೇ ಆದ್ದರಿಂದ ವೇದಿಕೆಯ ನಡುವಿನ ಕುರ್ಚಿಯಲ್ಲಿ ಮೀಸೆ ತೀಡುತ್ತ ಕೂತಿದ್ದೆ. ರೇಣುಕಾ ಎದ್ದು ನಿಂತಳು.

"ಇಂಗ್ಲೆಂಡಿನಲ್ಲಿ ಹದಿನೆಂಟರವರೆಗೆ ಓದಬೇಕು, ಇಲ್ಲವೇ ತರಬೇತಿ ಪಡೆಯಬೇಕು. ಜರ್ಮನಿಯಲ್ಲಿ ಕಾರ್ಖಾನೆಗೆ ಕೆಲಸ ಕಲಿಯಲು ಸೇರಿದವರೂ ವಾರದಲ್ಲಿ ಒಂದೆರಡು ದಿನ ಶಾಲೆಗೆ ಹೋಗುತ್ತಾರೆ. ಜಪಾನಿನಲ್ಲಿ ಕಡ್ಡಾಯ ಹದಿನೈದಕ್ಕೇ ಮುಗಿದರೂ ಹೆಚ್ಚುಕಡಿಮೆ ಎಲ್ಲರೂ ಮುಂದೆ ಓದುತ್ತಾರೆ."

ಇಂಗ್ಲೆಂಡಿನಲ್ಲಾಗಿದ್ದರೆ ನನ್ನಪ್ಪನಿಗೆ ನೋಟೀಸೇ ಬರುತ್ತಿತ್ತು ಎಂದು ಒಳಗೊಳಗೇ ನಕ್ಕೆ.

"ಭಾರತದಲ್ಲಿ ಹದಿನಾಲ್ಕು," ಎಂದವಳು ನನ್ನ ಕಡೆ ತಿರುಗಿದಳು. "ನಮ್ಮ ಮನಿಯಾಗ ಹದಿನಾರು. ಕಾನೂನು ಮಾಡಿದವ್ರು ಇಲ್ಲೇ ಕುಂತಾರ."

ಇಡೀ ಸಭೆ ನನ್ನ ಮುಖ ನೋಡಿತು. ಸಮಾಜ ವಿಜ್ಞಾನ ಕಲಿಸುವ ವಿದ್ಯಾವತಿ ಟೀಚರು ಮೈಕು ತಂದು ನನ್ನ ಕೈಗಿತ್ತು, "ಅಧ್ಯಕ್ಷರು ಎರಡು ಮಾತಾಡ್ರಿ," ಎಂದರು. ವರ್ಷವರ್ಷ ಒದರುವ ಮಾತನ್ನೇ ಒದರೋಣವೆಂದು ಎದ್ದೆ. ಎದುರಿಗೆ ತಾಯಂದಿರ ಸಾಲಿನಲ್ಲಿ ಕೂತಿದ್ದ ರೇವವ್ವ ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದಳು. ಮಗಳು ನಗುತ್ತಿರಲಿಲ್ಲ. ಭಾಷಣದ ಹಾಳೆಯನ್ನು ಮಡಚಿ ಮಡಚಿ ಚಿಕ್ಕದು ಮಾಡುತ್ತ ನನ್ನನ್ನೇ ನೋಡುತ್ತಿದ್ದಳು. ಹಳೇ ಮಾತು ಅಲ್ಲಿಗೇ ಬಿಟ್ಟು ಮೈಕನ್ನು ಬಾಯಿಗೆ ಹಿಡಿದೆ.

"ಇವತ್ತಿಂದ ನಮ್ಮ ಮನಿಯಾಗ ಹದಿನೆಂಟು," ಎಂದೆ.

ಚಪ್ಪಾಳೆ ಬಿತ್ತು. ಎದೆಯುಬ್ಬಿಸಿ ಕೂರಬೇಕು ಅನ್ನುವಷ್ಟರಲ್ಲಿ ರೇಣುಕಾ ಕಣ್ಣೊರೆಸಿಕೊಂಡು ಹತ್ತಿರ ಬಂದಳು. ಮೈಕು ಇನ್ನೂ ಚಾಲೂ ಇತ್ತು.

"ಡಿಗ್ರಿ ಮುಗಿಯಾಕ ಇಪ್ಪತ್ತೊಂದು ಆಗ್ತೈತಲ್ಲಪ್ಪಾ?"

ಈ ಸಲದ ಚಪ್ಪಾಳೆ ನನಗಂತೂ ಅಲ್ಲ. ಗಲ್ಲಾದ ಮೇಲೆ ಈಗಲೂ ನಾನೇ ಕೂತಿರುತ್ತೇನೆ.