‘ಆತ್ರಿ’ ಅಂದ ಮೇಲಿನ ಮೂರು ಸೆಕೆಂಡು

ಅತ್ತಿಗುಪ್ಪೆಯ ನಮ್ಮ ಬೀದಿಯಲ್ಲಿ ನನಗೆ ‘ಮಿಸೈಲ್ ಮೇಡಂ’ ಎಂದು ಹೆಸರು ಬಿದ್ದಿತ್ತು. ನಿಜ ಹೇಳಬೇಕೆಂದರೆ ನಾನು ಒಂದೇ ಒಂದು ಕ್ಷಿಪಣಿಯನ್ನೂ ಕೈಯಿಂದ ಮುಟ್ಟಿದವಳಲ್ಲ. ಆದರೂ ತರಕಾರಿಯವರ ಮುಂದೆ ಯಾರಾದರೂ ಹಾಗೆ ಕರೆದಾಗ ತಿದ್ದುವ ಗೋಜಿಗೆ ಹೋಗುತ್ತಿರಲಿಲ್ಲ. ಯಾರಿಗೆ ಬೇಡ ಹೇಳಿ.

ಎರಡು ಸಾವಿರದ ದಶಕದ ನಡುವಿನ ವರ್ಷಗಳು ಅವು. ನಮ್ಮ ಕಡೆ ಹಾರಿ ಬರುವ ಕ್ಷಿಪಣಿಯನ್ನು ಇನ್ನೊಂದು ಕ್ಷಿಪಣಿಯಿಂದ ಹೊಡೆದು ಬೀಳಿಸುವ ಬದಲು, ಸುಳ್ಳು ರೇಡಿಯೊ ಸಂಕೇತ ಕಳಿಸಿ ದಾರಿ ತಪ್ಪಿಸಬಹುದೇ, ತಪ್ಪಿಸಿದರೂ ಅದನ್ನು ಎಷ್ಟು ನಂಬಬಹುದು ಎಂದು ಪರೀಕ್ಷಿಸಿ ವರದಿ ಬರೆಯುವುದು ನನ್ನ ಕೆಲಸ. ಶತ್ರುವಿನ ಕಂಪ್ಯೂಟರಿನೊಳಗೆ ನುಗ್ಗಿ ಕ್ಷಿಪಣಿ ಏಳದಂತೆ ಮಾಡುವ ವಿಧಾನವನ್ನು ಬೇರೊಂದು ಗುಂಪು ನೋಡುತ್ತಿತ್ತು. ಅವರು ಬೇಗನೆ ಕೈಚೆಲ್ಲಿದ್ದರು: ಇವತ್ತು ಸಿಕ್ಕ ಕಳ್ಳದಾರಿಯನ್ನು ಶತ್ರು ನಾಳೆ ಮುಚ್ಚಿಬಿಟ್ಟರೆ ನಮಗೆ ಗೊತ್ತೂ ಆಗುವುದಿಲ್ಲ ಎಂದು ಬರೆದುಕೊಟ್ಟರು. ಹಾಗಾಗಿ ಎಲ್ಲರ ಕಣ್ಣು ನನ್ನ ಸಂಕೇತದ ಮೇಲಿತ್ತು. ಅದನ್ನು ರೂಪಿಸಲು ನಾಲ್ಕು ವರ್ಷ ತೆಗೆದುಕೊಂಡವಳೂ ನಾನೇ, ಈಗ ಪರೀಕ್ಷಿಸುವವಳೂ ನಾನೇ. ಅಡುಗೆ ಮಾಡಿದವಳೇ ರುಚಿಗೆ ನಂಬರು ಕೊಟ್ಟ ಹಾಗೆ.

ಪರೀಕ್ಷೆ ನಡೆಯುತ್ತಿದ್ದದ್ದು ನಾಯಂಡಹಳ್ಳಿಯ ಒಂದು ಗೋಡೌನಿನಲ್ಲಿ. ಒಂದು ಪಕ್ಕ ಲೇತ್ ವರ್ಕ್‌ಶಾಪು, ಇನ್ನೊಂದು ಪಕ್ಕ ಪ್ಲೈವುಡ್ ದಾಸ್ತಾನು. ಮುಂದಿನ ಕೋಣೆಯಲ್ಲಿ ಕಂಪ್ಯೂಟರ್ ಪರದೆಯ ಮೇಲೆ ಕ್ಷಿಪಣಿಯ ಅಣಕು ಹಾರಾಟ, ಹಿಂದಿನ ಕೋಣೆಯಲ್ಲಿ ಸಂಕೇತ ಕಳಿಸುವ ಪೆಟ್ಟಿಗೆ. ಪೆಟ್ಟಿಗೆಯ ಮುಂದೆ ಹುಬ್ಬಳ್ಳಿ ಕಡೆಯಿಂದ ಬಂದ ಟೆಕ್ನಿಷಿಯನ್ ಒಬ್ಬರು ಕೂರುತ್ತಿದ್ದರು. ವಯಸ್ಸಿನಲ್ಲಿ ನನಗಿಂತ ದೊಡ್ಡವರು, ಮಾತು ಕಡಿಮೆ. ಲೇತ್ ಸದ್ದಿನಲ್ಲಿ ಕೂಗಿದರೆ ಕೇಳುವುದಿಲ್ಲವೆಂದು ಇಬ್ಬರಿಗೂ ಹೆಡ್‌ಫೋನು. ನಾನು ‘ಶುರು ಮಾಡಿ’ ಅನ್ನುವುದು, ಅವರು ತಮ್ಮ ಕಡೆಯ ಮಾತಲ್ಲಿ ‘ಆತ್ರಿ’, ಅಂದರೆ ಆಯ್ತು ರೀ, ಅನ್ನುವುದು, ಆ ಕ್ಷಣದ ಸಮಯವನ್ನು ನಾನು ಬರೆದುಕೊಳ್ಳುವುದು. ಗುಂಡಿ ಒತ್ತಿದ ಮೇಲೆ ಇಂಗ್ಲಿಷಿನ ಒಂದು ನಿಗದಿತ ಪದವನ್ನೇ ಹೇಳಬೇಕೆಂದು ನಿಯಮಪಟ್ಟಿ ಗೋಡೆಗೆ ಅಂಟಿಸಿತ್ತು. ಇಬ್ಬರು ಕನ್ನಡದವರ ನಡುವೆ ಅದೇನು ಸರ್ಕಸ್ಸು ಎಂದು ಅದನ್ನು ಕೈಬಿಡಿಸಿದವಳು ನಾನೇ.

ಫಲಿತಾಂಶ ಚೆನ್ನಾಗಿ ಬಂತು. ಅವರು ‘ಆತ್ರಿ’ ಅಂದ ಒಂದೆರಡು ಸೆಕೆಂಡಿಗೆಲ್ಲ ಪರದೆಯ ಮೇಲಿನ ಕ್ಷಿಪಣಿ ಗುರಿ ಬಿಟ್ಟು ಆಚೆ ಸರಿಯುತ್ತಿತ್ತು. ನಾನು ನೆಲದ ಮೇಲೆ ನಡೆಯುತ್ತಿರಲಿಲ್ಲ. ಈ ವಿಧಾನವೊಂದೇ ಸಾಕು, ಇದನ್ನೇ ನೆಚ್ಚಿಕೊಳ್ಳಬಹುದು ಎಂದು ವರದಿ ಬರೆದು ಮುಗಿಸಿದೆ. ವರದಿಯನ್ನು ಒಪ್ಪಬೇಕಾದ ಸಮಿತಿ ಬರಲು ನಾಲ್ಕು ದಿನ ಉಳಿದಿತ್ತು.

ಆ ದಿನ ಬೆಳಿಗ್ಗೆ ನನ್ನ ಹೆಡ್‌ಫೋನು ಕೆಟ್ಟಿತು. ಸಮಿತಿಯ ಮುಂದೆ ತೋರಿಸಬೇಕಾದ್ದನ್ನು ಒಮ್ಮೆ ಅಭ್ಯಾಸ ಮಾಡೋಣವೆಂದು, ನಡುವಿನ ಬಾಗಿಲು ತೆಗೆಸಿ ಎರಡೂ ಕೋಣೆ ಕಾಣುವಂತೆ ಹೊಸ್ತಿಲ ಮೇಲೆ ನಿಂತೆ. ‘ಶುರು ಮಾಡಿ’ ಅಂದೆ. ಅವರು ನನ್ನ ಕಡೆ ತಿರುಗಿ, ತಲೆ ತುಸು ಬಾಗಿಸಿ ‘ಆತ್ರಿ’ ಅಂದರು. ಆಮೇಲೆ ಪೆಟ್ಟಿಗೆಯ ಕಡೆ ತಿರುಗಿದರು, ಕುರ್ಚಿ ಎಳೆದುಕೊಂಡರು, ಗುಂಡಿ ಒತ್ತಿದರು. ಅಷ್ಟರಲ್ಲಿ ಮೂರು ಸೆಕೆಂಡು ಕಳೆದಿತ್ತು. ಅವರ ಬೆರಳು ಗುಂಡಿ ಮುಟ್ಟುವ ಮೊದಲೇ ಪರದೆಯ ಮೇಲಿನ ಕ್ಷಿಪಣಿ ತಾನಾಗಿ ದಾರಿ ಬಿಟ್ಟಾಗಿತ್ತು.

ದೋಷ ಅಣಕು ಕ್ಷಿಪಣಿಯ ಪ್ರೋಗ್ರಾಮಿನಲ್ಲೇ ಇತ್ತು. ಅದು ಆಗಾಗ ತಾನೇ ಎಡವಿ ಬೀಳುತ್ತಿತ್ತು, ನಾನು ಬೀಳಿಸಿದೆನೆಂದು ಮೀಸೆ ಇಲ್ಲದಿದ್ದರೂ ತಿರುವುತ್ತಿದ್ದೆ. ಯಾವಾಗಲೂ ಹೀಗೇ ಮಾಡುತ್ತಿದ್ದಿರಾ, ಮೊದಲು ಉತ್ತರ, ಆಮೇಲೆ ಗುಂಡಿಯೇ ಎಂದು ಕೇಳಿದೆ. ನನ್ನ ದನಿ ಗಡುಸಾಗಿಯೇ ಇತ್ತು ಅನ್ನಿಸುತ್ತದೆ.

‘ದೊಡ್ಡ ಹುದ್ದೇದವರು ಹೇಳಿದಾಗ ಮೊದ್ಲ ಆತ್ರಿ ಅನ್ನಬೇಕಲ್ರಿ ಮೇಡಂ,’ ಅಂದರು. ‘ಉತ್ತರಾ ಕೊಡದೇ ಕೆಲಸಕ್ಕ ಕೈ ಹಚ್ಚಿದ್ರ ಸೊಕ್ಕು ಅಂತಾರ್ರಿ ನಮ್ಮ ಕಡೆ.’

ಬೈಯಲು ಹೊರಟವಳಿಗೆ ನನ್ನ ಮನೆಯೇ ನೆನಪಾಯಿತು. ನಮ್ಮ ಕಡೆ ಮಾತ್ರ ಬೇರೆಯೇ? ನನ್ನ ಅಮ್ಮ ಅಂಗಡಿಗೆ ಹೋಗಿ ಬಾ ಅಂದರೆ ನಾನು ಕೂತಲ್ಲಿಂದಲೇ ‘ಆಯ್ತು’ ಅಂದು ಅರ್ಧ ಗಂಟೆ ಪೇಪರು ಓದುತ್ತೇನೆ. ಒಪ್ಪಿಕೊಂಡರೂ ಆಯ್ತು, ಮುಗಿಸಿದರೂ ಆಯ್ತು. ಗೋಡೆಯ ಮೇಲಿನ ಆ ಇಂಗ್ಲಿಷ್ ಪದವನ್ನು ಯಾಕೆ ಇಟ್ಟಿದ್ದರೆಂದು ಅವತ್ತು ಅರ್ಥವಾಯಿತು.

ನಮ್ಮ ಮುಖ್ಯಸ್ಥರಿಗೆ ಹೇಳಿದೆ. ಕೆಟ್ಟವರೇನಲ್ಲ, ಬೆವರು ಒರೆಸಿಕೊಂಡರು. ಈಗ ಅದನ್ನೆಲ್ಲ ಎಬ್ಬಿಸುವುದು ಬೇಡ, ಮುಂದಿನ ಸುತ್ತಿನಲ್ಲಿ ಸರಿ ಮಾಡಿಕೊಳ್ಳೋಣ ಅಂದರು. ಎಬ್ಬಿಸಲೇಬೇಕೆಂದಾದರೆ ತಪ್ಪು ಟೆಕ್ನಿಷಿಯನ್ನದು ಎಂದು ಒಂದು ಸಾಲು ಸೇರಿಸಿದರೆ ನನ್ನ ಕೆಲಸಕ್ಕೆ ಕಳಂಕ ಬರುವುದಿಲ್ಲ ಎಂದೂ ಸೂಚಿಸಿದರು. ಹಾಗೆ ಬರೆದರೆ ಮರುದಿನವೇ ಆ ಮನುಷ್ಯನನ್ನು ಮನೆಗೆ ಕಳಿಸುತ್ತಾರೆಂದು ಇಬ್ಬರಿಗೂ ಗೊತ್ತಿತ್ತು. ನನಗೆ ಸಿಟ್ಟು ನೆತ್ತಿಗೇರಿತು. ಒಂದು ಊರಿನ ಜನ ಈ ವರದಿಯನ್ನು ನಂಬಿ ತಲೆ ಎತ್ತಿ ಆಕಾಶ ನೋಡದೆ ಇರುತ್ತಾರೆ, ನಾನು ಮೂರು ಸೆಕೆಂಡನ್ನು ಮುಚ್ಚಿಹಾಕಲೇ? ಆಗಲ್ಲ ಸಾರ್ ಎಂದು ಎದ್ದು ಬಂದೆ.

ಪ್ರೋಗ್ರಾಮು ಸರಿಪಡಿಸಿ ಮೂರು ದಿನ ಎಲ್ಲ ಪರೀಕ್ಷೆಗಳನ್ನೂ ಮೊದಲಿಂದ ಮಾಡಿದೆವು. ಈ ಸಲ ಗುಂಡಿ ಒತ್ತಿದ ಮೇಲೆ ಅವರು ‘ಒತ್ತೀನ್ರಿ’ ಅನ್ನುತ್ತಿದ್ದರು. ಪ್ರತಿ ಸಲವೂ ಸಂಕೋಚದಿಂದಲೇ ಅಂದರು. ನನ್ನ ಸಂಕೇತ ಕೆಲವೊಮ್ಮೆ ಗೆದ್ದಿತು, ಹೆಚ್ಚಿನ ಸಲ ಸೋತಿತು.

ಸಮಿತಿಯ ಮುಂದೆ ಹಳೆಯ ವರದಿಯನ್ನು ಹಿಂದಕ್ಕೆ ತೆಗೆದುಕೊಂಡೆ. ನಡೆದದ್ದನ್ನು ಬಿಡಿಸಿ ಹೇಳಿದೆ. ‘ಆತ್ರಿ’ ಎಂಬ ಪದವನ್ನು ಇಂಗ್ಲಿಷಿನಲ್ಲಿ ವಿವರಿಸುವುದೇ ದೊಡ್ಡ ಕಷ್ಟವಾಯಿತು. ಹಾಗಾದರೆ ನಿಮ್ಮ ವಿಧಾನದಲ್ಲಿ ಉಳಿದದ್ದೇನು ಎಂದು ಅಧ್ಯಕ್ಷರು ಕೇಳಿದರು. ಹೊಡೆದು ಬೀಳಿಸುವ ಕ್ಷಿಪಣಿಯ ಜೊತೆಗೆ ಸಹಾಯಕ್ಕೆ ಇಟ್ಟುಕೊಳ್ಳಬಹುದು, ಇದೊಂದನ್ನೇ ನಂಬಿ ಕೂರಬಾರದು ಎಂದೆ. ನಾಲ್ಕು ವರ್ಷದ ಕೆಲಸಕ್ಕೆ ನನ್ನ ಬಾಯಿಂದಲೇ ಅಷ್ಟು ಬಂತು. ಇಷ್ಟು ವರ್ಷದ ಮೇಲೂ ಅದನ್ನು ನೆನೆದರೆ ನನಗೆ ನನ್ನ ಮೇಲೆ ಅಭಿಮಾನ ಉಕ್ಕುತ್ತದೆ, ಅದನ್ನು ಹೇಳಿಕೊಳ್ಳಲು ನಾಚಿಕೆಯೂ ಇಲ್ಲ.

ಹೊರಗೆ ಬಂದರೆ ಟೆಕ್ನಿಷಿಯನ್ ಬಾಗಿಲ ಪಕ್ಕ ನಿಂತಿದ್ದರು. ಮುಖ ಬಾಡಿತ್ತು.

‘ಒಳಗ ನನ್ನ ಹೆಸರು ಬಂತೇನ್ರಿ?’

‘ಬಂತು,’ ಅಂದೆ. ‘ಸಮಯ ತಪ್ಪಾಗಿ ಬರ್ಕೊಂಡೋರು ಅನ್ನೋ ಕಡೆ ನನ್ನ ಹೆಸರಿದೆ. ಪರೀಕ್ಷೆ ಮಾಡಿದೋರು ಅನ್ನೋ ಕಡೆ ನಿಮ್ಮದೂ ಇದೆ, ನನ್ನದೂ ಇದೆ.’

ಟೆಕ್ನಿಷಿಯನ್ನರ ಹೆಸರನ್ನು ವರದಿಯಲ್ಲಿ ಹಾಕುವ ಪದ್ಧತಿ ನಮ್ಮಲ್ಲಿರಲಿಲ್ಲ. ಅವರು ನನ್ನ ಕೈಲಿದ್ದ ಪ್ರತಿಯನ್ನು ಇಸಿದುಕೊಂಡು, ಬೆರಳಿಟ್ಟು ಆ ಸಾಲು ಹುಡುಕಿ, ಬಹಳ ಹೊತ್ತು ನೋಡಿದರು. ಆಮೇಲೆ ಮೆಲ್ಲಗೆ, ‘ಅಡ್ಡಹೆಸರು ಬಿಟ್ಟೀರಲ್ರಿ ಮೇಡಂ, ನಮ್ಮ ಮನೆತನದ್ದು,’ ಅಂದರು.

ಅಲ್ಲೇ ಗೋಡೆಗೆ ಕಾಗದ ಒತ್ತಿಹಿಡಿದು, ಅವರು ಒಂದೊಂದೇ ಅಕ್ಷರ ಹೇಳಿದಂತೆ ಅಡ್ಡಹೆಸರು ಸೇರಿಸಿ, ಪಕ್ಕದಲ್ಲಿ ಸಹಿ ಹಾಕಿದೆ.