ಶಾಂಭವಿಯವರ ಹೂಂ

ಧಾರವಾಡದ ಕಾಲೇಜೊಂದರಲ್ಲಿ ಅರ್ಥಶಾಸ್ತ್ರ ಕಲಿಸುವ ನೀಲಕಂಠಪ್ಪನವರಿಗೆ ಮಾತು ಶುರುಮಾಡಲು ಯಾರ ಅಪ್ಪಣೆಯೂ ಬೇಕಿಲ್ಲ. ಮುಂದುವರಿಸಲು ಮಾತ್ರ ಒಂದು 'ಹೂಂ' ಬೇಕು. ಚಿಕ್ಕವರಿದ್ದಾಗ ಅವರ ಅಜ್ಜಿ ಕಥೆ ಹೇಳುವಾಗ ಮಕ್ಕಳು ಹೂಂಗುಟ್ಟದಿದ್ದರೆ, ನಿದ್ದೆ ಹೋದವೆಂದು ಎದ್ದುಬಿಡುತ್ತಿದ್ದಳು. ಆ ಅಭ್ಯಾಸ ಮೊಮ್ಮಗನಿಗೆ ಉಳಿಯಿತು. ತರಗತಿಯಲ್ಲಿ ಮುಂದಿನ ಬೆಂಚಿನವರು ತಲೆಯಾಡಿಸಿದರೆ ಸಾಕು, ಪಾಠ ಓಡುತ್ತಿತ್ತು.

ಈ ವರ್ಷ ಪಾಠಗಳ ವಿಡಿಯೊ ಮಾಡಬೇಕೆಂದು ಆಜ್ಞೆ ಬಂತು. "ಹತ್ತು ನಿಮಿಷ ದಾಟಿದರ ಹೊರಗಿನವರ ಪಾಠ ತರಸ್ತೀವ್ರಿ," ಎಂದರು ಪ್ರಾಚಾರ್ಯರು. ತಮ್ಮ ವಿಷಯವನ್ನು ಬೇರೆಯವರು ಕಲಿಸುವುದೆಂದರೆ, ನೀಲಕಂಠಪ್ಪನವರಿಗೆ ತಮ್ಮ ತಟ್ಟೆಯ ರೊಟ್ಟಿಯನ್ನು ಪಕ್ಕದವರು ಮುರಿದುಕೊಂಡಂತೆ.

ಕ್ಯಾಮೆರಾ ಹೂಂಗುಟ್ಟಲಿಲ್ಲ. ಪಾಪ, ತಿಳಿದಿಲ್ಲವೆಂದುಕೊಂಡು ಅವರು 'ಅವಕಾಶ ವೆಚ್ಚ'ವನ್ನು ಅದಕ್ಕೆ ಮತ್ತೆ ಮತ್ತೆ ವಿವರಿಸಿದರು.

"ಸರ್, ನಲವತ್ತು ನಿಮಿಷ ಆತ್ರಿ," ಎಂದಳು ಚಿತ್ರೀಕರಿಸುತ್ತಿದ್ದ ಜೆಸ್ಲಿನ್.

"ನೀನರ ಹೂಂ ಅನಬಾರದೇನವಾ?"

"ನಾ ಧ್ವನಿ ನೋಡಾಕತ್ತೇನ್ರಿ, ಪಾಠ ಕೇಳಾಕತ್ತಿಲ್ಲ."

ಮರುದಿನ ಅವರು ಹೆಂಡತಿ ಶಾಂಭವಿಯವರನ್ನೇ ಕರೆತಂದು ಕ್ಯಾಮೆರಾದ ಪಕ್ಕ ಕೂರಿಸಿದರು. ಸೀರೆ ಕೊಳ್ಳಲು ಹುಬ್ಬಳ್ಳಿಯ ದುರ್ಗದಬೈಲ್ ಪೇಟೆಗೆ ಹೊರಟಿದ್ದ ಆಕೆ ಮುಖ ಊದಿಸಿಕೊಂಡೇ ಕುಳಿತರು. ಗಂಡ ಅವಕಾಶ ವೆಚ್ಚಕ್ಕೆ ಒಂದು ಪುಸ್ತಕದ ವ್ಯಾಖ್ಯೆ ಹೇಳಿದರು, ಹೂಂ ಇಲ್ಲ. ಇನ್ನೊಂದರದು ಹೇಳಿದರು, ಅದಕ್ಕೂ ಇಲ್ಲ. ನೀಲಕಂಠಪ್ಪನವರು ಬೆವರೊರೆಸಿಕೊಂಡು ಪುಸ್ತಕ ಬದಿಗಿಟ್ಟರು.

"ನೋಡ, ಸೀರಿ ತರೂದು ಬಿಟ್ಟು ನೀ ಇಲ್ಲಿ ಬಂದು ಕುಂತಿ. ಕೂಡ್ರಾಕ ರೊಕ್ಕ ಕೊಟ್ಟಿಲ್ಲ, ಖರೇ. ಆದ್ರ ಕೈಬಿಟ್ಟ ಆ ಸೀರಿ ಐತೆಲ್ಲಾ, ಅದ ಇದರ ವೆಚ್ಚ."

"ಹೂಂ!" ಕೋಣೆ ಗುಂಯ್‌ಗುಟ್ಟಿತು. "ಈಗ ತಿಳೀತ ನೋಡ್ರಿ. ನಿಮ್ಮ ಪಾಠ ನನಗ ಭಾಳ ತುಟ್ಟಿ ಬಿತ್ತು."

ಎಂಟು ನಿಮಿಷಕ್ಕೆ ಪಾಠ ಮುಗಿಯಿತು. ಆ ಹೂಂ ಕತ್ತರಿಸಲು ಹೋದ ಜೆಸ್ಲಿನ್ ನಕ್ಕು ಹಾಗೇ ಬಿಟ್ಟಳು. ವಿದ್ಯಾರ್ಥಿಗಳು ಕೊನೆಯವರೆಗೂ ನೋಡಿ, "ಮೇಡಂ ಹೂಂ ಅಂದಲ್ಲೇ ನಮಗೂ ತಿಳೀತ್ರಿ ಸರ್," ಎಂದು ಬರೆದರು. ಸರ್ ಅವರ ವಿವರಣೆಯ ಬಗ್ಗೆ ಯಾರೂ ಏನೂ ಬರೆಯಲಿಲ್ಲ. ಇರಲಿ, ನಮ್ಮಂಥ ಬರೆಯುವವರ ಪಾಡೂ ಅದೇ. ಪಾಠವಂತೂ ನೀಲಕಂಠಪ್ಪನವರ ಕೈಯಲ್ಲೇ ಉಳಿಯಿತು.

ಮುಂದಿನ ಸಲ ಜೆಸ್ಲಿನ್ ಶಾಂಭವಿಯವರ ಸೆರಗಿಗೂ ಒಂದು ಮೈಕು ಸಿಕ್ಕಿಸಿದಳು. ಸೀರೆ ಹೊಸದು.

"ನನ್ನ ಮೈಕಿಗಿಂತ ಇದ ಛಲೋ ಕಾಣಸ್ತೈತೆಲ್ಲವಾ?" ಎಂದರು ನೀಲಕಂಠಪ್ಪನವರು.

ಜೆಸ್ಲಿನ್ ಬಾಯಿ ತೆರೆಯುವ ಮೊದಲೇ ಕ್ಯಾಮೆರಾದ ಪಕ್ಕದಿಂದ ಉತ್ತರ ಬಂತು: "ಹೂಂ."