ಯಾರ ಕೈಗೂ ಬಾರದ ಕೊಕ್ಕೆ

ನನ್ನ ತಮ್ಮ ಶಂಕ್ರೆಪ್ಪ ತುರ್ಭೆಯ ಧಾನ್ಯದ ಮಾರ್ಕೆಟ್ಟಿನಲ್ಲಿ ಮೂಟೆ ಹೊತ್ತು ಮುದುಕನಾದವನು. ಅಫಜಲಪುರದ ಕಡೆಯಿಂದ ರಾಜ್ಯ ದಾಟಿ ಈ ಶಹರಕ್ಕೆ ಬಂದಾಗ ಅವನಿಗಿನ್ನೂ ಮೀಸೆ ಬಂದಿರಲಿಲ್ಲ. ನಾನು, ನಮ್ಮವರು ರಬಾಳೆಯಲ್ಲಿ ಪತ್ರಾಸಿನ ತಗಡಿನ ಮನೆ ಹಾಕಿಕೊಂಡಿದ್ದೆವು, ಅವನೂ ನಮ್ಮ ಜೋಡಿಯೇ ಇದ್ದ. ನಮ್ಮವರು ತೀರಿಹೋದ ಮೇಲೆ ನನ್ನ ಮಗ ಸಂಗಮೇಶನನ್ನು ಹೆಗಲ ಮೇಲೆ ಕೂಡ್ರಿಸಿಕೊಂಡು ಸಾಲಿಗೆ ಬಿಟ್ಟು ಬರುತ್ತಿದ್ದವನೂ ಅವನೇ.

ಅವನ ಬಲಗೈಯಲ್ಲಿ ಸದಾ ಒಂದು ಕೊಕ್ಕೆ. ಗೇಣುದ್ದದ ಕಬ್ಬಿಣ, ಮೂತಿ ಬಾಗಿ ಚೂಪಾಗಿತ್ತು, ಹಿಡಿಕೆ ಜಾಲಿಕಟ್ಟಿಗೆಯದು. ಮೂಟೆಯ ಕಿವಿಗೆ ಅದನ್ನು ಸಿಕ್ಕಿಸಿ ಎಳೆದು ಬೆನ್ನಿಗೆ ಹಾಕಿಕೊಳ್ಳೋದು. ಹೆಬ್ಬೆಟ್ಟು ಊರಿ ಊರಿ ಹಿಡಿಕೆಯಲ್ಲಿ ತಗ್ಗು ಬಿದ್ದಿತ್ತು. ಅವರ ಹಮಾಲರ ಟೋಳಿಯಲ್ಲಿ ಒಂದು ಪದ್ಧತಿ. ಕೆಲಸ ಬಿಡುವವನು ದಸರೆಯ ಖಂಡೇಪೂಜೆಯ ದಿನ ಎಲ್ಲರೆದುರು ಕಾಯಿ ಒಡೆದು ತನ್ನ ಕೊಕ್ಕೆಯನ್ನು ಹೊಸಬನ ಕೈಗೆ ಕೊಡಬೇಕು. ಕೊಟ್ಟ ಮೇಲೆ ತಿರುಗಿ ಇಸಕೊಳ್ಳೋ ಹಾಗಿಲ್ಲ. ಅಂಗಡಿಯಲ್ಲಿ ಕೊಂಡ ಕೊಕ್ಕೆ ಹಿಡಿದು ಬಂದವನನ್ನು ಕಂಡರೆ, "ಬೀಗರು ಬಂದ್ರು, ಚಾ ಕೊಡ್ರಿ" ಅಂತ ಚಾಷ್ಟಿ ಮಾಡುವರು. ಸಂಗಮೇಶ ಆ ಟೋಳಿ ಸೇರಿದಾಗಿನಿಂದ ಕೊಂಡ ಕೊಕ್ಕೆಯ ಬೀಗನೇ ಆಗಿದ್ದ.

ಶಂಕ್ರೆಪ್ಪನ ಬೆನ್ನಿನ ಮಣಿ ಸವೆದು, ಡಾಕ್ಟರು ಇನ್ನು ಭಾರ ಎತ್ತಬೇಡ ಅಂದರು. ಅವನಿಗೆ ಬೆನ್ನಿಗಿಂತ ಕೊಕ್ಕೆಯದೇ ಚಿಂತೆ. "ಯಕ್ಕಾ, ನಾ ಕುಂತ್ರ ಕುಂಡ್ರಲಿ, ನನ್ನ ಕೊಕ್ಕಿ ಕುಂಡ್ರಬಾರದು. ಯಾರದರ ಕೈಯಾಗ ಇರಬೇಕು" ಅಂತಿದ್ದ. ಅದು ಸಂಗಮೇಶನ ಕೈ ಅಂತಲೇ ನಾವೆಲ್ಲ ತಿಳಿದಿದ್ದೆವು.

ಶಂಕ್ರೆಪ್ಪನ ಮಗ ಆಕಾಶ ಮಹಾಪೆಯಲ್ಲಿ ಕಂಪ್ಯೂಟರ್ ಆಟ ತಯಾರಿಸುವ ಒಂದು ಆಫೀಸಿನಲ್ಲಿದ್ದ. ಗೂಂಡಾಗಳ ಆಟ. ಒಂದು ದೊಡ್ಡ ಶಹರ, ಆಡುವವನು ಅದರಲ್ಲಿ ಬೇಕಾದಲ್ಲಿ ತಿರುಗಬಹುದು, ಗಾಡಿ ಕದಿಯಬಹುದು, ಮಂದಿಯನ್ನು ಹೊಡೆಯಬಹುದು. ಹೊಡೆಯುವ ಸಾಮಾನು, ಅಂದರೆ ಪಿಸ್ತೂಲು, ಚಾಕು, ಸಲಾಕೆ, ಇವನ್ನೆಲ್ಲ ಕಂಪ್ಯೂಟರಿನಲ್ಲಿ ಮೂಡಿಸೋದು ಆಕಾಶನ ಕೆಲಸ. ಒಂದು ದಿನ ಅಪ್ಪನ ಕೊಕ್ಕೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. ಆಟದಲ್ಲಿ ಮಾರ್ಕೆಟ್ಟಿನ ಹೊಡೆದಾಟ ಒಂದಿದೆ, ಅದಕ್ಕೆ ಇದನ್ನು ಹಾಕ್ತೀನಿ, ಎರಡು ದಿನ ಕೊಡು, ಫೋಟೋ ತೆಗೆದು ವಾಪಸು ತರ್ತೀನಿ ಅಂತ ಹಿಂದಿಯಲ್ಲಿ ಹೇಳಿದ. ಹುಡುಗನಿಗೆ ನಮ್ಮ ಮಾತು ತಿಳೀತದೆ, ನಾಲಿಗೆ ಮಾತ್ರ ಹೊರಳೋದಿಲ್ಲ.

ಶಂಕ್ರೆಪ್ಪ ಎರಡು ದಿನಕ್ಕೆ ಕೊಡಲಿಲ್ಲ. ಖಂಡೇಪೂಜೆಯ ತನಕ ತಡೆದು, ಟೋಳಿಯ ಎದುರಿಗೆ ಕಾಯಿ ಒಡೆದು, ಅರಿಶಿನ ಕುಂಕುಮ ಹಚ್ಚಿದ ಕೊಕ್ಕೆಯನ್ನು ಆಕಾಶನ ಎರಡೂ ಕೈಯಲ್ಲಿಟ್ಟ.

"ಅರೆ ಪಪ್ಪಾ, ಫೋಟೋ ಬಸ್ ಥಾ" ಅಂದ ಆಕಾಶ, ಫೋಟೋ ಒಂದೇ ಸಾಕಿತ್ತಲ್ಲ ಅಂತ ಮುಖ ಕೆಂಪಗೆ ಮಾಡಿಕೊಂಡು.

ಎಲೆ ಅಡಿಕೆಯ ತಾಟು ಹಿಡಿದು ನಿಂತಿದ್ದ ಸಂಗಮೇಶ ಅದನ್ನು ಕೆಳಗಿಟ್ಟು ನಳದ ಕಡೆಗೆ ಹೋದ. ಟೋಳಿಯಲ್ಲಿ ಅಂಗಾರ ಅಂತ ಪುತ್ತೂರು ಕಡೆಯವನೊಬ್ಬ ಇದ್ದ. "ಇನ್ನೂ ಒಂದು ವರ್ಷ ನೀನು ಬೀಗರೇ ಅಂತಾಯ್ತಲ್ಲ ಮಾರಾಯ" ಅಂತ ಸಂಗಮೇಶನಿಗೆ ಕೂಗಿ ಹೇಳಿದ.

ನನಗೆ ತಡೀಲಿಲ್ಲ. "ಮಂದಿ ಹೊಟ್ಟ್ಯಾಗ ಚುಚ್ಚಲಿಕ್ಕ ಕೊಟ್ಟಿಯೇನೋ ತಮ್ಮಾ?"

"ಆಟ ಅದ ಯಕ್ಕಾ. ಟೋಳ್ಯಾಗ ಕೊಟ್ರ ಒಬ್ಬ ಹಿಡೀತಾನ. ಅದರಾಗ ಹೋದ್ರ ದೇಶದ ಹುಡುಗರೆಲ್ಲಾ ಹಿಡೀತಾರ."

ಮುಂದಿನ ಬ್ಯಾಸಿಗೆಯಲ್ಲಿ ಆಟ ಹೊರಗೆ ಬಂತು. ಶಂಕ್ರೆಪ್ಪ ಟೋಳಿಯವರನ್ನೆಲ್ಲ ಮನೆಗೆ ಕರೆದ. ಆಕಾಶ ಲ್ಯಾಪ್‌ಟಾಪ್ ತೆಗೆದು ಆಡಿ ತೋರಿಸಿದ. ಪಿಸ್ತೂಲು ಬಂತು, ಸಲಾಕೆ ಬಂತು. ಕೊಕ್ಕೆ ಬರಲಿಲ್ಲ.

"ನಂದು ಎಲ್ಲದ?"

ಆಕಾಶ ತಲೆ ಎತ್ತಲಿಲ್ಲ. "ನಿಕಾಲ್ ದಿಯಾ, ಪಪ್ಪಾ." ಕೆಲಸ ತಡವಾಯಿತಂತ ಮೇಲಿನವರು ಮಾರ್ಕೆಟ್ಟಿನ ಭಾಗವನ್ನೇ ಕೈಬಿಟ್ಟಿದ್ದರು. ಕೊಕ್ಕೆ ಆಟದ ಒಳಗೇ ಇದೆ, ಯಾರೂ ಅಳಿಸಿಲ್ಲ, ಆದರೆ ಆಡುವವರು ಯಾರೂ ಅದನ್ನು ಎತ್ತಿಕೊಳ್ಳಲಾರರು ಅಂತ ತಿಳಿಸಿ ಹೇಳಿದ. ಬಂದವರು ಚಾ ಕುಡಿದು ಎದ್ದುಹೋದರು.

ಸ್ವಲ್ಪ ದಿನಕ್ಕೆ ಎಲ್ಲಿಯವನೋ ಒಬ್ಬ ಆಟದ ಒಳಗೆ ಕೆದಕಿ, ಬಳಸದೆ ಬಿಟ್ಟ ಹತಾರಗಳನ್ನೆಲ್ಲ ಹೊರಗೆ ತೆಗೆದು ವಿಡಿಯೋ ಮಾಡಿ ಮೊಬೈಲಿಗೆ ಬಿಟ್ಟಿದ್ದ. ಅಪ್ಪನಿಗೆ ಸಮಾಧಾನವಾಗಲಿ ಅಂತ ಆಕಾಶ ಅದನ್ನು ತೋರಿಸಿದ. ನಾನೂ ನೋಡಿದೆ. ಏನೂ ಇಲ್ಲದ ಬೂದು ಬಯಲಿನಲ್ಲಿ ಕೊಕ್ಕೆ ಒಂದೇ ತನ್ನಷ್ಟಕ್ಕೆ ಮೆಲ್ಲಗೆ ತಿರುಗುತ್ತಿತ್ತು.

"ಹೆಬ್ಬಟ್ಟಿನ ತಗ್ಗು ಸೈತ ಮೂಡಿಸ್ಯಾನ" ಅಂದ ಶಂಕ್ರೆಪ್ಪ. ಮೊಬೈಲನ್ನು ಕಣ್ಣಿನ ಹತ್ತಿರ ಹಿಡಿದು, "ಹೆಬ್ಬಟ್ಟ ಎಲ್ಲದ?" ಅಂದ.

ಅವತ್ತಿನಿಂದ ಆಕಾಶನ ಬೆನ್ನು ಹತ್ತಿದ. ನಾ ಇಸಕೊಳ್ಳೋ ಹಂಗಿಲ್ಲ, ನೀನೇ ಸಂಗಮೇಶಗ ಕೊಡು ಅಂತ. ಟೋಳಿ ನಡೆಸುವ ಮುಕಾದಮ್ ಒಪ್ಪಲಿಲ್ಲ. "ಕೊಡಾಂವ ಅದರಿಂದ ಒಂದು ಚೀಲಾದರೂ ಎತ್ತಿರಬೇಕು. ಎತ್ತಲಾರದ ಕೈ ಏನು ಕೊಡ್ತದ?"

ಆ ವರ್ಷದ ಖಂಡೇಪೂಜೆಯ ಬೆಳಿಗ್ಗೆ ಆಕಾಶ ಒಂದು ಚೀಲ ಎತ್ತಿ ತೋರಿಸಲಿಕ್ಕೆ ಆಫೀಸಿನ ಅಂಗಿಯಲ್ಲೇ ತುರ್ಭೆಗೆ ಬಂದ. ಹೋಳಿಗೆಯ ಡಬ್ಬಿ ಹಿಡಿದು ನಾನೂ ಹೋಗಿದ್ದೆ. ಶಂಕ್ರೆಪ್ಪ ಗೋಡೆಗೆ ಆತು ನಿಂತು ಹೇಳಿಕೊಟ್ಟ. "ಬಾಜೂದಿಂದ ಬಾ. ಕಿವಿಗೆ ಸಿಕ್ಕಿಸು. ಮೆಲ್ಲಕ."

ಆಕಾಶ ಕೈ ಮೇಲಕ್ಕೆತ್ತಿ ಹೊಡೆದ. ಮನುಷ್ಯನ ಮೇಲೆ ಆ ಕೊಕ್ಕೆ ಹೇಗೆ ಇಳೀತದೆ ಅನ್ನೋದನ್ನೇ ತಿಂಗಳುಗಟ್ಟಲೆ ಕಂಪ್ಯೂಟರಿನಲ್ಲಿ ಮೂಡಿಸಿದ್ದ ಕೈ ಅದು. ಚೀಲ ಉದ್ದಕ್ಕೆ ಹರಿದು ತೊಗರಿಬೇಳೆ ಕಾಲ ಮೇಲೆಲ್ಲ ಸುರಿಯಿತು. ಯಾರೋ ನಕ್ಕರು. ಶಂಕ್ರೆಪ್ಪನ ಮುಖ ನೋಡಿ ನಗು ನಿಲ್ಲಿಸಿದರು. ಎರಡನೆಯ ಚೀಲ ಆಕಾಶನ ಮೊಣಕಾಲು ದಾಟಲಿಲ್ಲ.

"ಒಂದು ಹೊಡದಂಗಾತು, ಒಂದು ಎಳದಂಗಾತು" ಅಂದ ಮುಕಾದಮ್. "ಎತ್ತಿದಂಗ ಆಗಲಿಲ್ಲ."

ಅದೇ ದಿನ ಅಂಗಾರ ಕೆಲಸ ಬಿಟ್ಟು ಊರಿಗೆ ಹೊರಟಿದ್ದ. ಕಾಯಿ ಒಡೆದು ತನ್ನ ಕೊಕ್ಕೆಯನ್ನು ಸಂಗಮೇಶನ ಮುಂದೆ ಹಿಡಿದ. ಸಂಗಮೇಶ ಕೈ ಚಾಚಲಿಲ್ಲ, ಮಾವನ ಮುಖ ನೋಡಿದ.

"ನನ್ನೇನು ನೋಡ್ತಿ? ತಗೋ" ಅಂದ ಶಂಕ್ರೆಪ್ಪ. "ನಿನಗೂ ವಯಸ್ಸಾಗ್ಲಿಕತ್ತದ."

ಸಂಗಮೇಶ ತಗೊಂಡ. ಒಬ್ಬನ ಕೊಕ್ಕೆ ಹಿಡಿದ ಕೈಗೆ ಇನ್ನೊಬ್ಬನದು ಬರೋದಿಲ್ಲ. ಅಲ್ಲಿಗೆ ಮುಗಿಯಿತು. ಆಮೇಲೆ ಶಂಕ್ರೆಪ್ಪ ಮಾರ್ಕೆಟ್ಟಿನ ಕಡೆ ಹೋಗಲಿಲ್ಲ. ಊಟಕ್ಕೆ ಕರೆದರೆ ಬರುವನು, ಎರಡು ತುತ್ತು ತಿಂದು ಗೋಡೆ ಕಡೆ ತಿರುಗಿ ಮಲಗುವನು. ಬಲಗೈಯ ಹೆಬ್ಬೆಟ್ಟು ಮಾತ್ರ ತೋರುಬೆರಳನ್ನು ಒತ್ತುತ್ತಲೇ ಇರುತ್ತಿತ್ತು.

ಶಿವರಾತ್ರಿಗೆ ಮುಂಚೆ ತೀರಿಹೋದ. ಕುಣಿಯ ಹತ್ತಿರ ಟೋಳಿಯವರೆಲ್ಲ ಇದ್ದರು. ಯಾರಿಗೂ ಕೊಡದೆ ಸತ್ತವನ ಕೊಕ್ಕೆಯನ್ನು ಅವನ ಜೋಡಿಯೇ ಇಡುತ್ತಾರೆ. ಆಕಾಶ ಅದನ್ನು ಹೊಸ ಟವೆಲಿನಲ್ಲಿ ಸುತ್ತಿ ತಂದಿದ್ದ. ಬಗ್ಗಿ ಒಳಗಿಡಲು ಹೋದಾಗ ಮುಕಾದಮ್ ಅವನ ರಟ್ಟೆ ಹಿಡಿದ.

"ಅದು ಅಂವಂದಲ್ಲ ತಮ್ಮಾ. ನಿನಗ ಕೊಟ್ಟಾನ."

"ಮೈ ಕ್ಯಾ ಕರೂಂ ಇಸ್ಕಾ, ಅತ್ಯಾ?" ಅಂತ ಆಕಾಶ ನನ್ನ ಕಡೆ ತಿರುಗಿದ. ಇದನ್ನಿಟ್ಟುಕೊಂಡು ನಾನೇನು ಮಾಡಲಿ ಅಂತ. ಎಲ್ಲರೂ ಮಣ್ಣು ಹಾಕಿದರು. ಆಕಾಶನ ಸರದಿ ಬಂದಾಗ ಕೊಕ್ಕೆಯನ್ನು ಕೆಳಗಿಡಲೋ ಬೇಡವೋ ತಿಳಿಯದೆ, ಎಡಗೈಗೆ ಬದಲಿಸಿಕೊಂಡು, ಬಲಗೈಯಿಂದ ಒಂದು ಹಿಡಿ ಹಾಕಿದ.